ಹದಿಹರೆಯದ ಮಕ್ಕಳ ಜೊತೆ ಕಡಲ ಬದಿಯ ಮನೆಯಲ್ಲಿ ಮೂರು ರಾತ್ರಿ: ಕಾಸರಗೋಡಿನ ರಜೆಗೆ ತಯಾರಿ ಹೇಗೆ?

ಸಣ್ಣ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗುವುದು ಸುಲಭ. ಒಂದು ಬಕೆಟ್, ಒಂದಿಷ್ಟು ಹೊಯಿಗೆ (ಮರಳು) ಇದ್ದರೆ ಕತ್ತಲಾಗುವವರೆಗೆ ಆಡುತ್ತಾರೆ. ಹದಿಮೂರು ದಾಟಿದ ಮೇಲೆ ಲೆಕ್ಕವೇ ಬೇರೆ. ಬೆಳಿಗ್ಗೆ ಏಳುವುದಿಲ್ಲ. ಅಪ್ಪ ಅಮ್ಮನ ಪಕ್ಕ ಫೋಟೋಗೆ ನಿಲ್ಲುವುದಿಲ್ಲ. ಎಲ್ಲಿಗೆ ಹೋಗೋಣ ಅಂತ ಕೇಳಿದರೆ ‘ಎಲ್ಲಿಗಾದರೂ’ ಅನ್ನುತ್ತಾರೆ, ಹೋದ ಮೇಲೆ ಮುಖ ಊದಿಸಿಕೊಂಡು ಕೂರುತ್ತಾರೆ. ಎಷ್ಟೋ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಹೋಗುವ ಪ್ರವಾಸ ಇದೇ ಹೊತ್ತಿಗೆ ನಿಂತುಹೋಗುತ್ತದೆ. ದಯವಿಟ್ಟು ನಿಲ್ಲಿಸಬೇಡಿ. ಇನ್ನು ಕೆಲವೇ ವರ್ಷಗಳಲ್ಲಿ ಅವರು ಕಾಲೇಜು, ಹಾಸ್ಟೆಲ್ ಅಂತ ಹೊರಟುಬಿಡುತ್ತಾರೆ, ಆಮೇಲೆ ಎಲ್ಲರ ರಜೆ ಒಂದೇ ವಾರಕ್ಕೆ ಕೂಡಿಬರುವುದೇ ಕಷ್ಟ.

ನಾನು ಕುಂಬಳೆ ಕಡೆಯವಳು. ರಜೆ ಹತ್ತಿರ ಬಂದರೆ ಬೆಂಗಳೂರು, ಮೈಸೂರು, ಪುತ್ತೂರಿನ ನೆಂಟರಿಂದ ಫೋನು ಶುರುವಾಗುತ್ತದೆ. ಕಡಲ ಬದಿಯಲ್ಲಿ ಒಂದು ವಿಲ್ಲಾ ಹಿಡಿದು ಮೂರು ದಿನ ಸುಮ್ನೆ ಇರಬೇಕು, ಹೇಗೆ ಮಾಡೋದು ಅಂತ ಕೇಳುತ್ತಾರೆ. ಅವರೆಲ್ಲರಿಗೂ ನಾನು ಹೇಳುವುದು ಒಂದೇ: ನೋಡುವ ಜಾಗಗಳ ಪಟ್ಟಿ ಮಾಡುವುದಕ್ಕೆ ಹಾಕುವ ಹೊತ್ತನ್ನು ಮನೆ ಆರಿಸುವುದಕ್ಕೆ ಹಾಕಿ. ಈ ವಯಸ್ಸಿನ ಮಕ್ಕಳಿಗೆ ಬೇಕಾದದ್ದು ಐದು ದೇವಸ್ಥಾನ, ನಾಲ್ಕು ಬೀಚ್ ಅಲ್ಲ. ತಮ್ಮದೇ ಒಂದು ಮೂಲೆ ಮತ್ತು ಯಾರೂ ಗಡಿಯಾರ ನೋಡಿ ಕರೆಯದ ಒಂದಿಷ್ಟು ಹೊತ್ತು. ಒಂದೇ ಮನೆಯಲ್ಲಿ ಮೂರು ರಾತ್ರಿ ಉಳಿಯಿರಿ. ರಾತ್ರಿಗೊಂದು ಊರು ಬೇಡ.

ಮೊದಲು ತಿಂಗಳು ಗೊತ್ತು ಮಾಡಿ

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ನಮ್ಮ ಕರಾವಳಿಗೆ ಬರಲು ಒಳ್ಳೆಯ ಕಾಲ. ಸೆಕೆ ಕಡಿಮೆ, ಕಡಲು ಸುಮಾರಾಗಿ ಶಾಂತ, ಆಕಾಶ ತಿಳಿ. ಮನೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿದ್ದರೆ ಜನವರಿ ನಂತರ ಅವರ ತಲೆಯಲ್ಲಿ ಪರೀಕ್ಷೆ ಬಿಟ್ಟು ಬೇರೇನೂ ಇರುವುದಿಲ್ಲ, ಹಾಗಾಗಿ ಡಿಸೆಂಬರ್ ಮೊದಲ ಅರ್ಧ ವಾಸಿ. ಡಿಸೆಂಬರ್ ಕೊನೆಯ ವಾರ ಬೇಕಲದ ಸುತ್ತಮುತ್ತ ಜನವೋ ಜನ. 2022ರಲ್ಲಿ ಅಲ್ಲಿಯ ಬೀಚ್ ಫೆಸ್ಟ್ ಶುರುವಾದದ್ದು ಕ್ರಿಸ್ಮಸ್ ರಜೆಯಲ್ಲೇ. ಗದ್ದಲ, ಸಂಗೀತ ಇಷ್ಟಪಡುವ ಮಕ್ಕಳಿದ್ದರೆ ಆಗಲೇ ಬನ್ನಿ. ಆದರೆ ಮನೆಯನ್ನು ತಿಂಗಳುಗಟ್ಟಲೆ ಮೊದಲೇ ಹಿಡಿದಿಡಬೇಕು, ರಸ್ತೆಯಲ್ಲಿ ತಾಳ್ಮೆ ಬೇಕು. ಓಣಂ ವಾರದಲ್ಲೂ ಕೇರಳದ ಒಳಗಿನವರೇ ಮನೆಗಳನ್ನು ತುಂಬಿಬಿಡುತ್ತಾರೆ.

ದಸರಾ ರಜೆಗೆ ಬರುವವರಿಗೆ ಒಂದು ಮಾತು. ಅಕ್ಟೋಬರ್‌ನಲ್ಲಿ ಇಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಿಡಿಲಿನ ಮಳೆ. ಗುಡುಗು ಕೇಳಿದ ಕೂಡಲೇ ಕಡಲ ದಂಡೆಯಿಂದ ಮನೆಯೊಳಗೆ ಬರಬೇಕು. ಬಯಲು ದಂಡೆಯಲ್ಲಿ ನಿಂತವರಿಗೂ ತೆಂಗಿನ ಮರದ ಬುಡದಲ್ಲಿ ನಿಂತವರಿಗೂ ಸಿಡಿಲಿನ ಅಪಾಯ ಜಾಸ್ತಿ.

ಏಪ್ರಿಲ್, ಮೇ ಅಂದರೆ ಸೆಕೆ. ಮಕ್ಕಳ ರಜೆ ಮಾತ್ರ ಆಗಲೇ ಸಿಗುವುದು, ಏನು ಮಾಡೋದು. ಬೆಳಿಗ್ಗೆ 9ರೊಳಗೆ, ಸಂಜೆ 5ರ ಮೇಲೆ ಹೊರಗೆ ಹೋಗುವುದು, ನಡುವೆ ಮನೆಯಲ್ಲೇ ಇರುವುದು ಅಂತ ಮೊದಲೇ ತೀರ್ಮಾನಿಸಿದರೆ ಬೇಸಿಗೆಯೂ ಚೆನ್ನ. ಮಾವು, ಹಲಸು, ಗೇರುಹಣ್ಣು ಎಲ್ಲ ಒಟ್ಟಿಗೆ ಸಿಗುವ ಕಾಲ ಬೇರೆ ಯಾವುದಿದೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವ ಆಸೆ ಇಟ್ಟುಕೊಂಡು ಬರಬೇಡಿ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಇಲ್ಲಿ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟುಗಳಿಗೇ ನಿಷೇಧ ಇರುತ್ತದೆ. ಮಳೆ ನೋಡುತ್ತಾ ಜಗಲಿಯಲ್ಲಿ ಕೂತು ಪತ್ರೊಡೆ ತಿನ್ನಬೇಕು ಅನ್ನುವವರು ಧಾರಾಳ ಬರಲಿ. ಆದರೆ ಅದು ಹದಿಹರೆಯದವರಿಗಿಂತ ಅವರ ಅಪ್ಪ ಅಮ್ಮನಿಗೆ ಹೊಂದುವ ರಜೆ.

ಚಂದ್ರಗಿರಿ ಹೊಳೆಯ ಯಾವ ಬದಿ?

ಕಾಸರಗೋಡು ಪೇಟೆಯ ತೆಂಕು ಬದಿಯಲ್ಲಿ ಹರಿಯುವ ಚಂದ್ರಗಿರಿ ಹೊಳೆಯನ್ನು ತುಳುನಾಡಿನ ಗಡಿ ಅಂತ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಮನೆ ಹುಡುಕುವವರಿಗೂ ಅದೇ ಗಡಿ ಅನುಕೂಲ.

ಹೊಳೆಯ ಬಡಗು ಬದಿಯಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲು. ಅಂಗಡಿ, ಆಟೋ, ದೇವಸ್ಥಾನ ಎಲ್ಲ ಕಡೆ ಕನ್ನಡ, ತುಳು ನಡೆಯುತ್ತದೆ. ಮಂಗಳೂರು ಹತ್ತಿರ. ಆದರೆ ಬಾಡಿಗೆಗೆ ಸಿಗುವ ವಿಲ್ಲಾಗಳು ಕಡಿಮೆ, ಹೋಂಸ್ಟೇಗಳು ಚದುರಿಕೊಂಡಿವೆ. ಕೆಲವು ಕಡೆ ಕಡಲ್ಕೊರೆತ ತಡೆಯಲು ದಡದುದ್ದಕ್ಕೂ ಕಲ್ಲು ಪೇರಿಸಿದ್ದಾರೆ, ಅಲ್ಲಿ ಹೊಯಿಗೆಯ ದಂಡೆಯೇ ಇರುವುದಿಲ್ಲ.

ತೆಂಕು ಬದಿಯಲ್ಲಿ ಉದುಮ, ಕಾಪಿಲ್, ಬೇಕಲ, ಕಾಞಂಗಾಡು, ನೀಲೇಶ್ವರ. ಮಲಯಾಳವೇ ಹೆಚ್ಚು, ಆದರೆ ಕನ್ನಡ ಅರ್ಥವಾಗುವವರು ಸಿಗುತ್ತಾರೆ. ಬೇಕಲವನ್ನು ಪ್ರವಾಸೋದ್ಯಮಕ್ಕೆ ಬೆಳೆಸಲೆಂದೇ ಕೇರಳ ಸರಕಾರ 1995ರಲ್ಲಿ ಒಂದು ನಿಗಮ ಮಾಡಿತು. ಹಾಗಾಗಿ ರೆಸಾರ್ಟು, ವಿಲ್ಲಾ, ಹೋಂಸ್ಟೇ ಎಲ್ಲ ಈ ಕಡೆ ಜಾಸ್ತಿ. ಮೊದಲ ಸಲ ಬರುವವರಿಗೆ, ಅದರಲ್ಲೂ ಎರಡು ಮೂರು ಕುಟುಂಬ ಸೇರಿ ಬರುವವರಿಗೆ, ನಾನು ಉದುಮದಿಂದ ಬೇಕಲದವರೆಗಿನ ಪಟ್ಟಿಯನ್ನೇ ಹೇಳುತ್ತೇನೆ. ಅಜ್ಜ ಅಜ್ಜಿಯೂ ಜೊತೆಗಿದ್ದು, ಅವರಿಗೆ ಪೇಟೆಯಲ್ಲಿ ಕನ್ನಡದಲ್ಲಿ ಮಾತಾಡುವ ನೆಮ್ಮದಿ ಬೇಕಾದರೆ ಕುಂಬಳೆ ಕಡೆ ನೋಡಿ.

ಮುಂಗಡ ಕೊಡುವ ಮುಂಚೆ

ಇದಕ್ಕೆ ಎರಡು ಸಂಜೆ ಮೀಸಲಿಡಿ, ಕಡಿಮೆ ಮಾಡಬೇಡಿ. ವಿಲ್ಲಾದ ಜಾಹೀರಾತಿನಲ್ಲಿ ‘ಕಡಲಿಗೆ ಐದು ನಿಮಿಷ’ ಅಂತ ಇರುತ್ತದೆ. ನಡೆದು ಐದು ನಿಮಿಷವೋ, ಕಾರಿನಲ್ಲೋ? ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆರೆದು ಮನೆಯಿಂದ ನೀರಿನವರೆಗೆ ಏನೇನಿದೆ ಅಂತ ನೀವೇ ನೋಡಿ. ಕೋಟಿಕುಳಂ, ಬೇಕಲ ಕಡೆ ರೈಲು ಹಳಿ ಕಡಲಿಗೆ ತುಂಬ ಹತ್ತಿರ. ಮನೆಗೂ ಕಡಲಿಗೂ ನಡುವೆ ಹಳಿ ಇದ್ದರೆ ಮಕ್ಕಳು ದಿನಕ್ಕೆ ನಾಲ್ಕು ಸಲ ಅದನ್ನು ದಾಟುತ್ತಾರೆ, ಕಿವಿಯಲ್ಲಿ ಇಯರ್‌ಫೋನ್ ಬೇರೆ. ಅಂಥ ಮನೆ ಎಷ್ಟೇ ಚಂದ ಇದ್ದರೂ ಬಿಟ್ಟುಬಿಡಿ.

ಆಮೇಲೆ ಮನೆ ನೋಡಿಕೊಳ್ಳುವವರಿಗೆ ವೀಡಿಯೋ ಕಾಲ್ ಮಾಡಿ. ‘ಅಣ್ಣಾ, ಗೇಟಿನಿಂದ ನೀರಿನವರೆಗೆ ಒಮ್ಮೆ ಫೋನು ಹಿಡಿದುಕೊಂಡು ನಡೆಯುತ್ತೀರಾ?’ ಅಂತ ಕೇಳಿ. ಫೋಟೋಗಳು ಮುಚ್ಚಿಟ್ಟದ್ದೆಲ್ಲ ಆ ನಡಿಗೆಯಲ್ಲಿ ಕಾಣುತ್ತದೆ: ಪಕ್ಕದ ಸೈಟಿನಲ್ಲಿ ಕಟ್ಟಡದ ಕೆಲಸ, ದಾರಿಯಲ್ಲಿ ಕಸದ ರಾಶಿ, ಹೊಯಿಗೆಯ ಬದಲು ಕಲ್ಲಿನ ತಡೆಗೋಡೆ. ಒಳ್ಳೆಯ ಮನೆಯವರು ಖುಷಿಯಿಂದ ನಡೆದು ತೋರಿಸುತ್ತಾರೆ. ನೆಪ ಹೇಳಿದರೆ ಬೇರೆ ಮನೆ ನೋಡಿ.

ಕೋಣೆಗಳ ವಿಷಯದಲ್ಲಿ ದೊಡ್ಡವರು ಒಂದು ಅಭ್ಯಾಸ ಬಿಡಬೇಕು. ಒಳ್ಳೆಯ ಕೋಣೆಗಳೆಲ್ಲ ತಮಗೆ, ಮಕ್ಕಳಿಗೆ ಹಾಲಿನಲ್ಲಿ ಹಾಸಿಗೆ ಅಂತ ಮಾಡಬೇಡಿ. ಹದಿನೈದರ ಹುಡುಗಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ, ಕಾಯದೆ ಹೋಗಲು ಒಂದು ಬಚ್ಚಲು ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಹುಡುಗರಿಗೊಂದು, ಹುಡುಗಿಯರಿಗೊಂದು ಕೋಣೆ ಬೇರೆ ಬೇರೆ ಇರಲಿ. ನಾಲ್ಕು ಜನಕ್ಕೊಂದಾದರೂ ಬಚ್ಚಲು ಇರಲಿ. ಹೊರಗೆ ಒಂದು ನಲ್ಲಿ ಅಥವಾ ಶವರ್ ಇದೆಯಾ ಕೇಳಿ, ಇಲ್ಲದಿದ್ದರೆ ಮೂರು ದಿನವೂ ಮನೆ ತುಂಬ ಹೊಯಿಗೆ. ಸಾಧ್ಯವಾದರೆ ಅಗಲ ಜಗಲಿಯೋ ಟೆರೇಸೋ ಇರುವ ಮನೆಯನ್ನೇ ಆರಿಸಿ. ರಾತ್ರಿ ಹನ್ನೊಂದಕ್ಕೆ ಮಕ್ಕಳು ಇಸ್ಪೀಟೋ ಮಾತೋ ಅಂತ ಕೂರುವುದು ಅಲ್ಲೇ.

ನೀರು, ಕರೆಂಟಿನ ಬಗ್ಗೆ ಬಿಡಿಸಿ ಕೇಳಿ. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪುನೀರು ಬರುವುದುಂಟು. ಕುಡಿಯಲು, ಅಡುಗೆಗೆ ನೀರು ಎಲ್ಲಿಂದ, ಕ್ಯಾನ್ ಕೊಡುತ್ತಾರಾ, ನಾವೇ ತರಬೇಕಾ? ಗುಡುಗು ಮಳೆ ಬಂದರೆ ಕರೆಂಟು ಹೋಗುತ್ತದೆ. ಇನ್ವರ್ಟರ್ ಇದೆಯಾ, ಅದರಲ್ಲಿ ಫ್ಯಾನ್ ತಿರುಗುತ್ತದಾ? ಏಸಿ ಎಷ್ಟು ಕೋಣೆಗಿದೆ? ವೈಫೈ ಇದೆ ಅಂದರೆ ಸಾಲದು, ಮಹಡಿ ಕೋಣೆಗೆ ಬರುತ್ತದಾ ಅಂತ ಕೇಳಿ. ಮಕ್ಕಳಿಗಾಗಿ ಇಷ್ಟೆಲ್ಲ ಯಾಕೆ ಅನ್ನಬೇಡಿ. ಸಿಗ್ನಲ್ ಸಿಗದ ಮನೆಯಲ್ಲಿ ಅವರು ಮೂರು ದಿನ ಸಿಗ್ನಲ್ ಹುಡುಕುತ್ತಾ ರಸ್ತೆಗೆ ಹೋಗುತ್ತಾರೆ. ಸಿಗುವ ಮನೆಯಲ್ಲಿ ಅರ್ಧ ಗಂಟೆ ನೋಡಿ ಬದಿಗಿಡುತ್ತಾರೆ.

ಈಜುಕೊಳ ಇರುವ ಮನೆಯಾದರೆ ಆಳ ಎಷ್ಟು, ಸುತ್ತ ಬೇಲಿ ಇದೆಯಾ, ರಾತ್ರಿ ದೀಪ ಇದೆಯಾ ಕೇಳಿ. ವಿಲ್ಲಾದ ಕೊಳಕ್ಕೆ ಕಾವಲುಗಾರ ಇರುವುದಿಲ್ಲ. ದೊಡ್ಡವರೊಬ್ಬರು ಎದುರಿಗೆ ಕೂರದೆ ಯಾರೂ ಇಳಿಯಬಾರದು, ಈಜು ಬರುವವರು ಕೂಡ.

ದುಡ್ಡಿನ ಮಾತು ಬಾಯಿಮಾತಿನಲ್ಲಿ ಬಿಡಬೇಡಿ. ತೆರಿಗೆ ಸೇರಿದ ದರ ಎಷ್ಟು, ಹೆಚ್ಚು ಜನ ಬಂದರೆ ಎಷ್ಟು, ಅಡುಗೆಯವರ ಸಂಬಳ ಬೇರೆಯೇ, ಠೇವಣಿ ಯಾವಾಗ ವಾಪಸ್, ರದ್ದಾದರೆ ಎಷ್ಟು ಕಡಿತ, ಇಷ್ಟನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಹೋಂಸ್ಟೇ ಆದರೆ ಕೇರಳ ಪ್ರವಾಸೋದ್ಯಮ ಇಲಾಖೆ ಡೈಮಂಡ್, ಗೋಲ್ಡ್, ಸಿಲ್ವರ್ ಅಂತ ದರ್ಜೆ ಕೊಡುತ್ತದೆ, ಆ ಪತ್ರ ಇದೆಯಾ ಕೇಳಿ.

ಮಕ್ಕಳನ್ನು ಮೊದಲೇ ಕೂರಿಸಿ ಮಾತಾಡಿ

ಮನೆ ಎರಡು ಮೂರಕ್ಕೆ ಇಳಿದಾಗ ಕೊನೆಯ ಆಯ್ಕೆಯನ್ನು ಮಕ್ಕಳಿಗೆ ಬಿಡಿ. ಅವರು ಆರಿಸಿದ ಮನೆಯ ಬಗ್ಗೆ ಅವರು ದೂರುವುದಿಲ್ಲ. ಒಂದು ದಿನವನ್ನಂತೂ ಪೂರ್ತಿ ಅವರ ಕೈಗೆ ಕೊಡಿ: ಎಲ್ಲಿಗೆ, ಎಷ್ಟು ಹೊತ್ತಿಗೆ, ಏನು ತಿನ್ನುವುದು, ಎಲ್ಲ ಅವರದೇ. ಆ ದಿನದ ಖರ್ಚಿಗೆಂದು ಇಂತಿಷ್ಟು ಅಂತ ಮೊದಲೇ ಹೇಳಿ, ಉಳಿದರೆ ಅವರಿಗೆ.

ನನ್ನ ಅಕ್ಕನ ಮಗಳು ಹತ್ತನೇ ಕ್ಲಾಸು ಮುಗಿಸಿದ ವರ್ಷ ಹೀಗೆ ಕೊಟ್ಟಿದ್ದೆವು. ಅವಳ ಮೊದಲ ಷರತ್ತು, ‘ಚಿಕ್ಕಮ್ಮ, ಬೆಳಿಗ್ಗೆ ಹತ್ತರವರೆಗೆ ಯಾರೂ ನಮ್ಮನ್ನು ಎಬ್ಬಿಸಬಾರದು. ಅದನ್ನು ಮೊದಲು ಬರೆದುಕೊಳ್ಳಿ.’ ಅಕ್ಕನಿಗೆ ಸಿಟ್ಟು ಬಂತು. ನನಗೆ ಅದು ನ್ಯಾಯ ಅನ್ನಿಸಿತು. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ತಡವಾಗುತ್ತದೆ, ಅದು ಸೋಮಾರಿತನ ಅಲ್ಲ, ದೇಹದ ಒಳಗಿನ ಗಡಿಯಾರ. ಶಾಲೆ, ಟ್ಯೂಷನ್ ಅಂತ ವರ್ಷವಿಡೀ ಅರ್ಧ ನಿದ್ದೆಯಲ್ಲಿ ಓಡುವ ಮಕ್ಕಳಿಗೆ ರಜೆಯಲ್ಲಾದರೂ ಮಲಗಲು ಬಿಡೋಣ. ಅವರು ಮಲಗಿರುವಾಗ ದೊಡ್ಡವರು ಕಡಲ ಬದಿಯಲ್ಲಿ ನಡೆದು ಬಂದು, ಚಹಾ ಕುಡಿದು, ಪೇಪರ್ ಓದಿ ಮುಗಿಸಬಹುದಲ್ವಾ? ಅವತ್ತು ಅವಳು ಮಧ್ಯಾಹ್ನ ಪೂರ್ತಿ ಮನೆಯಲ್ಲೇ ಕೂರಿಸಿ, ಸಂಜೆ ಕಾಪಿಲ್ ಬೀಚಿಗೆ ಕರೆದೊಯ್ದು, ರಾತ್ರಿ ಎಲ್ಲರಿಗೂ ನೀರುದೋಸೆ ಹೊಯ್ದು ಹಾಕಿದಳು. ನಾವು ಯಾರೂ ಅಷ್ಟು ಚೆನ್ನಾಗಿ ಒಂದು ದಿನವನ್ನು ಯೋಚಿಸಿರಲಿಲ್ಲ.

ಫೋನಿನ ಬಗ್ಗೆ ಉಪದೇಶ ಬೇಡ, ಒಪ್ಪಂದ ಸಾಕು. ಊಟದ ಹೊತ್ತಿಗೆ ಮತ್ತು ನೀರಿನ ಹತ್ತಿರ ಫೋನಿಲ್ಲ, ದೊಡ್ಡವರಿಗೂ ಅದೇ ನಿಯಮ. ಕೂಸಿನಿಂದ ಜೊತೆಗೆ ಬೆಳೆದ ಗೆಳತಿಯನ್ನೋ ಗೆಳೆಯನನ್ನೋ ಕರೆದುಕೊಂಡು ಬರಲು ಮಕ್ಕಳು ಕೇಳಿದರೆ, ಆ ಮನೆಯವರ ಜೊತೆ ನೀವೇ ಮಾತಾಡಿ ಒಪ್ಪಿಕೊಳ್ಳಿ. ಒಬ್ಬಳೇ ಮಗಳು ಇರುವ ಮನೆಯವರಿಗಂತೂ ಇದು ದೊಡ್ಡ ಉಪಕಾರ.

ಒಂದಕ್ಕೆ ಮಾತ್ರ ಒಪ್ಪಬೇಡಿ. ಖಾಲಿ ರಸ್ತೆ ಕಂಡಾಗ ‘ಒಂದು ರೌಂಡ್ ಸ್ಕೂಟರ್ ಕೊಡಿ’ ಅಂತ ಕೇಳುತ್ತಾರೆ. ಲೈಸೆನ್ಸ್ ಇಲ್ಲದ ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ 2019ರ ತಿದ್ದುಪಡಿಯಲ್ಲಿ ಕಾನೂನೇ ಆಗಿದೆ. ಬದಲಿಗೆ ಮನೆಯವರ ಬಳಿ ಸೈಕಲ್ ಇದೆಯಾ ಕೇಳಿಡಿ.

ಬರುವ ದಾರಿ

ಬೆಂಗಳೂರಿನಿಂದ ಮಂಗಳೂರಿನ ಮೂಲಕ ಕಣ್ಣೂರಿನ ಕಡೆಗೆ ಹೋಗುವ ರಾತ್ರಿ ರೈಲು ಅನುಕೂಲ. ಎಕ್ಸ್‌ಪ್ರೆಸ್ ರೈಲುಗಳಿಗೆ ಕಾಸರಗೋಡು ಅಥವಾ ಕಾಞಂಗಾಡಿನಲ್ಲಿ ಇಳಿಯಿರಿ, ಬೇಕಲಕ್ಕೆ ಎರಡೂ ಹತ್ತಿರವೇ. ಕಾರಿನಲ್ಲಾದರೆ ಮಂಗಳೂರಿನಿಂದ ತಲಪಾಡಿ ದಾಟಿ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ಅಲ್ಲಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 66 ಒಳನಾಡಿನ ಕಡೆ ತಿರುಗುತ್ತದೆ. ಬೇಕಲಕ್ಕೆ ಹೋಗುವವರು ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮದ ಮೂಲಕ ಕಾಞಂಗಾಡಿಗೆ ಹೋಗುವ ಕರಾವಳಿ ರಸ್ತೆ ಹಿಡಿಯಬೇಕು. ಹೊರಡುವ ಹಿಂದಿನ ದಿನ ಕೇರಳದಲ್ಲಿ ಹರತಾಳ ಇದೆಯಾ ಅಂತ ಸುದ್ದಿ ನೋಡಿಕೊಳ್ಳಿ.

ನೀರಿಗೆ ಇಳಿಯುವ ಮುಂಚೆ

ಉಳಿದದ್ದೆಲ್ಲ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಇದು ಆಗಬಾರದು. ಹದಿಹರೆಯದವರಿಗೆ ಧೈರ್ಯ ಜಾಸ್ತಿ, ಜೊತೆಗೆ ಗೆಳೆಯರಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಮೊದಲ ಸಂಜೆ ಯಾರೂ ನೀರಿಗೆ ಇಳಿಯುವ ಮುಂಚೆ ಎಲ್ಲರನ್ನೂ ದಂಡೆಯಲ್ಲಿ ನಿಲ್ಲಿಸಿ ಹತ್ತು ನಿಮಿಷ ಕಡಲನ್ನು ನೋಡಿ.

ಅಲೆಗಳು ಸಾಲಾಗಿ ಒಡೆದು ಬಿಳಿ ನೊರೆ ಆಗುತ್ತಿರುತ್ತವೆ. ಆ ಸಾಲಿನ ನಡುವೆ ಒಂದು ಕಡೆ ಅಲೆಯೇ ಒಡೆಯದೆ, ನೀರು ಸ್ವಲ್ಪ ಕಪ್ಪಾಗಿ, ಸಮತಟ್ಟಾಗಿ ಕಾಣಬಹುದು. ಸರಿಯಾಗಿ ನೋಡಿದರೆ ಅಲ್ಲಿ ನೊರೆ, ಕಸ ದಡಕ್ಕೆ ಬರುವ ಬದಲು ಕಡಲಿನ ಕಡೆಗೆ ಹೋಗುತ್ತಿರುತ್ತದೆ. ಗೊತ್ತಿಲ್ಲದವರಿಗೆ ಅದೇ ಶಾಂತ ಜಾಗ ಅನ್ನಿಸಿ ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದು ಬಿದ್ದ ನೀರೆಲ್ಲ ಒಟ್ಟಾಗಿ ವಾಪಸ್ ಹೋಗುವ ಕಾಲುವೆ ಅದು. ಒಳಸೆಳೆತ ಅನ್ನುವುದು ಇದನ್ನೇ. ಮಕ್ಕಳಿಗೆ ಬೆರಳು ತೋರಿಸಿ ಹೇಳಿ, ಆಮೇಲೆ ಅವರೇ ಹುಡುಕಲಿ. ಒಮ್ಮೆ ಕಣ್ಣಿಗೆ ಅಭ್ಯಾಸ ಆದರೆ ಮರೆಯುವುದಿಲ್ಲ.

ಅದರಲ್ಲಿ ಸಿಕ್ಕಿಕೊಂಡರೆ ದಡದ ಕಡೆಗೆ ಈಜಬಾರದು. ಎಂಥ ಈಜುಗಾರನೂ ಅಲ್ಲಿ ಸುಸ್ತಾಗುತ್ತಾನೆ, ಮುಳುಗುವುದು ಸುಸ್ತಿನಿಂದ. ಗಾಬರಿಯಾಗದೆ ಬೆನ್ನ ಮೇಲೆ ತೇಲಬೇಕು, ಕೈ ಎತ್ತಿ ಕರೆಯಬೇಕು. ಈಜು ಬರುವವರು ದಡಕ್ಕೆ ಸಮಾನಾಂತರವಾಗಿ ಒಂದು ಬದಿಗೆ ಈಜಿ, ಸೆಳೆತ ಬಿಟ್ಟ ಮೇಲೆ ಅಲೆಯ ಜೊತೆ ಬರಬೇಕು. ದಡದಲ್ಲಿರುವವರು ಹಿಂದೆ ಮುಂದೆ ನೋಡದೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋದ ಸುದ್ದಿ ನಮ್ಮ ಕರಾವಳಿಯಲ್ಲಿ ವರ್ಷ ವರ್ಷ ಕೇಳುತ್ತೇವೆ. ಮುಚ್ಚಳ ಹಾಕಿದ ಖಾಲಿ ಕ್ಯಾನ್, ಹಗ್ಗ, ಟ್ಯೂಬ್ ಹೀಗೆ ತೇಲುವ ಏನಾದರೂ ಎಸೆಯಿರಿ, ಮೀನುಗಾರರನ್ನು ಕೂಗಿ ಕರೆಯಿರಿ, 112ಕ್ಕೆ ಫೋನು ಮಾಡಿ. ಒಂದು ಖಾಲಿ ಐದು ಲೀಟರ್ ಕ್ಯಾನಿಗೆ ಉದ್ದದ ಹಗ್ಗ ಕಟ್ಟಿ ದಂಡೆಗೆ ಒಯ್ಯುವುದು ಅಭ್ಯಾಸ ಮಾಡಿಕೊಳ್ಳಿ.

ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಈಜು ಬೇಡವೇ ಬೇಡ. ಶಿರಿಯ, ಮೊಗ್ರಾಲು, ಚಂದ್ರಗಿರಿ, ಬೇಕಲ ಎಲ್ಲ ಅಳಿವೆಗಳಿಗೂ ಇದೇ ಮಾತು. ಇಳಿತದ ಹೊತ್ತಿಗೆ ಹೊಳೆಯ ನೀರು, ಕಡಲಿನ ನೀರು ಎರಡೂ ಒಟ್ಟಿಗೆ ಹೊರಗೆ ಎಳೆಯುತ್ತವೆ. ಕೋಟೆಯ ಬುಡದ ಬಂಡೆಗಳ ಮೇಲೆ ರೀಲ್ಸ್ ಮಾಡಲು ಹತ್ತುವುದೂ ಬೇಡ. ಪಾಚಿ ಜಾರುತ್ತದೆ, ದೊಡ್ಡ ಅಲೆ ಹೇಳಿ ಬರುವುದಿಲ್ಲ.

ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿ ದಿನ ಆ ಹೊತ್ತು ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆ 5 ಗಂಟೆಗೆ ಅಗಲವಾಗಿದ್ದ ದಂಡೆ ನಾಲ್ಕು ದಿನ ಕಳೆದು ಅದೇ ಹೊತ್ತಿಗೆ ನೀರಿನಡಿ ಇರಬಹುದು. ಅವತ್ತಿನ ಹೊತ್ತನ್ನು ಮನೆ ನೋಡಿಕೊಳ್ಳುವವರ ಹತ್ತಿರವೋ ಬಲೆ ಸರಿಮಾಡುತ್ತಾ ಕೂತ ಮೀನುಗಾರರ ಹತ್ತಿರವೋ ಕೇಳಿ. ‘ಇವತ್ತು ಬೇಡ’ ಅಂತ ಅವರು ಅಂದರೆ ಮರುಮಾತಿಲ್ಲದೆ ವಾಪಸ್ ಬನ್ನಿ. ಕಡಲು ಉಕ್ಕುವ ಮುನ್ನೆಚ್ಚರಿಕೆ ಕೇರಳ ಕರಾವಳಿಗೆ ಮಳೆಗಾಲ ಅಲ್ಲದಾಗಲೂ ಬರುತ್ತದೆ, ಬೆಳಿಗ್ಗೆ ಸುದ್ದಿಯಲ್ಲಿ ಅದನ್ನೂ ನೋಡಿ.

ಇನ್ನು ನಮ್ಮ ನಿಯಮ: ಸೊಂಟಕ್ಕಿಂತ ಆಳಕ್ಕೆ ಇಲ್ಲ, ಒಬ್ಬರೇ ಇಲ್ಲ, ಕತ್ತಲಾದ ಮೇಲೆ ಇಲ್ಲ. ದೊಡ್ಡವರಲ್ಲಿ ಒಬ್ಬರು ಸರದಿಯಲ್ಲಿ ದಂಡೆಯಲ್ಲಿ ನಿಂತು ಬರೀ ತಲೆ ಎಣಿಸುವ ಕೆಲಸ ಮಾಡಬೇಕು. ಲೋಳೆಮೀನು (ಜೆಲ್ಲಿಫಿಶ್) ತಾಗಿ ಉರಿದರೆ ಉಜ್ಜಬೇಡಿ, ಕಡಲ ನೀರಿನಲ್ಲೇ ತೊಳೆಯಿರಿ. ಉಸಿರಾಟಕ್ಕೆ ತೊಂದರೆಯಾದರೆ 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಹೋಗಿ.

ದಿನಕ್ಕೆ ಒಂದೇ ತಿರುಗಾಟ

ಬೇಕಲ ಕೋಟೆ ಬಿಡುವ ಹಾಗಿಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ. ಬಿಸಿಲಿಗೆ ಹೋಗಬೇಡಿ, ಒಳಗೆ ನೆರಳಿಲ್ಲ. ಸಂಜೆ 4ರ ಹೊತ್ತಿಗೆ ಹೋಗಿ. ಸಂಜೆ ಬೇಗ ಬಾಗಿಲು ಹಾಕುತ್ತಾರೆ, ಸೂರ್ಯಾಸ್ತವನ್ನು ಹೊರಗೆ ಬಂದು ಬೀಚಿನಲ್ಲೇ ನೋಡಿದರಾಯಿತು. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಡ್ರೋನ್ ತರಬೇಡಿ, ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ.

ಇತಿಹಾಸದ ಪಾಠ ಶುರುಮಾಡಿದರೆ ಮಕ್ಕಳು ದೂರ ಸರಿಯುತ್ತಾರೆ. ಬದಲಿಗೆ ಗೋಡೆಯ ಕಿಂಡಿಗಳ ಹತ್ತಿರ ಕರೆದೊಯ್ಯಿರಿ. ಮೇಲೊಂದು, ಕೆಳಗೊಂದು, ಇನ್ನೂ ಕೆಳಗೊಂದು ಹೀಗೆ ಕಿಂಡಿಗಳಿವೆ. ಒಂದೊಂದಕ್ಕೂ ಕಣ್ಣಿಟ್ಟು ನೋಡಲು ಹೇಳಿ. ಮೇಲಿನ ಕಿಂಡಿಯಲ್ಲಿ ದೂರದ ಕಡಲು ಕಾಣುತ್ತದೆ, ನಡುವಿನದರಲ್ಲಿ ಹತ್ತಿರದ ದಂಡೆ, ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಎಷ್ಟು ದೂರದಲ್ಲಿದ್ದಾನೋ ಅದಕ್ಕೆ ತಕ್ಕ ಕಿಂಡಿಯಿಂದ ಗುಂಡು. ಯಾಕೆ ಹೀಗೆ ಅಂತ ಅವರೇ ಊಹಿಸಲಿ, ಊಹಿಸುತ್ತಾರೆ. ಟಿಪ್ಪುವಿನ ಕಾಲದ್ದು ಅನ್ನುವ ನೋಟದ ಗೋಪುರ ಹತ್ತಿದರೆ ಪಳ್ಳಿಕ್ಕರೆಯ ದಂಡೆ, ತೆಂಗಿನ ತೋಟ ಎಲ್ಲ ಕಣ್ಣಳತೆಯಲ್ಲಿ.

ಇನ್ನೊಂದು ದಿನಕ್ಕೆ ನೀಲೇಶ್ವರದ ಕೋಟಪ್ಪುರಂ. ಅಲ್ಲಿಂದ ವಲಿಯಪರಂಬದ ಹಿನ್ನೀರಿನಲ್ಲಿ ಹೌಸ್‌ಬೋಟ್. ರಾತ್ರಿ ಉಳಿಯುವುದು ಬೇಡ, ನಾಲ್ಕೈದು ಗಂಟೆಯ ಸುತ್ತು ಸಾಕು. ಅದಕ್ಕಿಂತ ಜಾಸ್ತಿ ಆದರೆ ಮಕ್ಕಳಿಗೆ ಬೇಜಾರಾಗುತ್ತದೆ. ಎಲ್ಲರ ಅಳತೆಗೂ ಲೈಫ್ ಜಾಕೆಟ್ ಇದೆಯಾ ನೋಡಿಯೇ ಹತ್ತಿ. ಚಳಿಗಾಲದಲ್ಲಿ ಬಂದರೆ ಹತ್ತಿರದ ತೈಕಡಪ್ಪುರದಲ್ಲಿ ವಿಚಾರಿಸಿ. ಅಲ್ಲಿ ‘ನೈತಲ್’ ಅನ್ನುವ ಸ್ಥಳೀಯರ ಸಂಘ ಕಡಲಾಮೆಯ ಮೊಟ್ಟೆಗಳನ್ನು ಕಾಯ್ದು, ಮರಿಗಳನ್ನು ಕಡಲಿಗೆ ಬಿಡುತ್ತದೆ. ನೋಡಲು ಸಿಕ್ಕರೆ ಭಾಗ್ಯ. ಟಾರ್ಚ್, ಫ್ಲ್ಯಾಶ್ ಮಾತ್ರ ಬೆಳಗಿಸಬಾರದು, ಮರಿಗಳು ಬೆಳಕಿನ ಕಡೆಗೆ ತಿರುಗಿ ದಾರಿ ತಪ್ಪುತ್ತವೆ.

ಕಾಲಿಗೆ ಕೆಲಸ ಬೇಕು ಅನ್ನುವ ಮಕ್ಕಳಿಗೆ ರಾಣಿಪುರಂ ಇದೆ. ಸುಮಾರು 750 ಮೀಟರ್ ಎತ್ತರ, ಕಾಡಿನೊಳಗೆ ನಡೆದು ಹುಲ್ಲುಗುಡ್ಡದ ನೆತ್ತಿಗೆ ಹತ್ತಬೇಕು. ಬೇಕಲದಿಂದ ಒಂದೂವರೆ, ಎರಡು ಗಂಟೆಯ ದಾರಿ, ಬೆಳಿಗ್ಗೆ ಬೇಗ ಹೊರಡಬೇಕು. ಹತ್ತಕ್ಕೆ ಏಳುವವರು ಅವತ್ತು ಮಾತ್ರ ಐದಕ್ಕೆ ಏಳಲು ತಾವಾಗಿ ಒಪ್ಪಿದರೆ ಹೋಗಿ. ಮಳೆಗಾಲದಲ್ಲಿ ಜಿಗಣೆ ಕಾಟ.

ಬಡಗು ಬದಿಯಲ್ಲಿ ಉಳಿದವರಿಗೆ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಯವರ ಮನೆ ‘ಗಿಳಿವಿಂಡು’. ಮೂರು ದಿನದಲ್ಲಿ ನಮ್ಮ ಗುಡ್ಡದ ಕಡೆಯ ನೆಂಟರು ಯಾರಾದರೂ ಸಿಕ್ಕರೆ ಸುರಂಗ ತೋರಿಸಲು ಕೇಳಿ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಅಂಗಳಕ್ಕೆ ಹರಿಸಿಕೊಳ್ಳುವ ವಿದ್ಯೆ ನಮ್ಮ ಹಿರಿಯರದು. ಹೊರಗೆ ಸುಡುವ ಬಿಸಿಲಿರುವಾಗ ಅದರ ಬಾಯಲ್ಲಿ ನಿಂತರೆ ಮೈ ತಣ್ಣಗಾಗುತ್ತದೆ. ಮನೆಯವರು ಜೊತೆಗಿಲ್ಲದೆ ಒಳಗೆ ಹೋಗುವುದು ಬೇಡ.

ನವೆಂಬರ್‌ನಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ಎಲ್ಲಾದರೂ ಯಕ್ಷಗಾನ, ಕೋಲ, ತೆಯ್ಯಂ ನಡೆಯುತ್ತಲೇ ಇರುತ್ತದೆ. ಯಕ್ಷಗಾನದ ತೆಂಕುತಿಟ್ಟಿನ ಆದಿಕವಿ ಅನ್ನಿಸಿಕೊಂಡ ಪಾರ್ತಿಸುಬ್ಬನ ಊರು ಕುಂಬಳೆ. ರಾತ್ರಿ ಹೇಗೂ ಎಚ್ಚರ ಇರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ದೈವದ ಎದುರು ಫೋನು ಹಿಡಿಯುವ ಮುಂಚೆ ಕೇಳಿ, ಬೇಡ ಅಂದರೆ ಒಳಗಿಡಿ.

ಇವುಗಳಲ್ಲಿ ಎರಡನ್ನು ಮಾತ್ರ ಆರಿಸಿ. ಎಲ್ಲವನ್ನೂ ಮೂರು ದಿನಕ್ಕೆ ತುರುಕಿದರೆ ಕಡಲ ಬದಿಯ ಮನೆಗೆ ದುಡ್ಡು ಕೊಟ್ಟು ಕಾರಿನಲ್ಲಿ ಕೂತಂತೆ ಆಗುತ್ತದೆ.

ಊಟ

ಬೆಳಗಿನ ತಿಂಡಿಗೆ ಮತ್ತು ಮಧ್ಯಾಹ್ನದ ಊಟಕ್ಕೆ ಮನೆಯಲ್ಲೇ ಅಡುಗೆಯವರನ್ನು ಗೊತ್ತು ಮಾಡಿಕೊಳ್ಳಿ. ರಜೆಯಲ್ಲಿ ಅಮ್ಮನೂ ವಿಶ್ರಾಂತಿ ಪಡೆಯಬೇಕು. ರಾತ್ರಿಯೂಟ ಮಕ್ಕಳ ಪಾಲಿಗಿರಲಿ. ಮೀನು ತಿನ್ನುವವರು ಬೆಳಿಗ್ಗೆ ಮೀನು ಬರುವ ಹೊತ್ತು ಕೇಳಿಕೊಂಡು ದೋಣಿಯ ಹತ್ತಿರವೇ ಹೋಗಿ, ಬಂಗುಡೆಯೋ ಬೂತಾಯಿಯೋ ಅವತ್ತು ಸಿಕ್ಕಿದ್ದು ತನ್ನಿ. ಸಸ್ಯಾಹಾರಿಗಳು ಮನೆ ಹಿಡಿಯುವಾಗಲೇ ಅದನ್ನು ಹೇಳಿಬಿಡಿ, ಪಾತ್ರೆ ಬೇರೆ ಬೇಕಾದರೆ ಅದನ್ನೂ ಹೇಳಿ, ಇಲ್ಲಿಯವರು ತಪ್ಪು ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ಪುಟ್ಟು ಕಡಲೆ, ಇನ್ನೊಂದು ಬೆಳಿಗ್ಗೆ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ, ಚಟ್ನಿ ಕೇಳಿ ನೋಡಿ. ಬೊಂಡ (ಎಳನೀರು) ದಿನಾ ತರಿಸಿ.

ಹೊರಡುವ ದಿನ

ಹಿಂದಿನ ರಾತ್ರಿಯೇ ಒದ್ದೆ ಬಟ್ಟೆಗಳನ್ನು ಒಟ್ಟುಮಾಡಿ ಒಣಗಿಸಿ. ಚಾರ್ಜರ್‌ಗಳನ್ನು ಎಣಿಸುವ ಕೆಲಸ ಕಿರಿಯವರಿಗೆ ಕೊಡಿ. ಪ್ಲಾಸ್ಟಿಕ್, ಹಸಿ ಕಸ ಬೇರೆ ಮಾಡಿಡಿ. ಕೇರಳದಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಮನೆ ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ, ಎಲ್ಲ ಒಟ್ಟಿಗೆ ಕಟ್ಟಿಟ್ಟರೆ ಬೇರ್ಪಡಿಸುವ ಕಷ್ಟ ಅವರದ್ದಾಗುತ್ತದೆ. ಮನೆ ನೋಡಿಕೊಂಡವರು, ಅಡುಗೆಯವರ ಕೈಗೆ ನೇರವಾಗಿ ಏನಾದರೂ ಕೊಡಿ. ಠೇವಣಿ ಅಲ್ಲೇ, ನಿಮ್ಮ ಎದುರಿಗೇ ವಾಪಸ್ ಹಾಕಿಸಿಕೊಳ್ಳಿ.

ಮಂಗಳೂರು ಕಡೆಗೆ ಹೋಗುವವರಿಗೆ ಕುಂಬಳೆ ಹತ್ತಿರದ ಅನಂತಪುರ ದಾರಿಯಲ್ಲೇ ಸಿಗುತ್ತದೆ. ಕೆರೆಯ ನಡುವೆ ಇರುವ ದೇವಸ್ಥಾನ, ತಿರುವನಂತಪುರದ ಪದ್ಮನಾಭ ಸ್ವಾಮಿಯ ಮೂಲಸ್ಥಾನ ಅನ್ನುವ ನಂಬಿಕೆ. ಇಲ್ಲಿನ ಮೊಸಳೆ ಬಬಿಯ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ದೇವಸ್ಥಾನಕ್ಕೆ ಬರಲ್ಲ ಅನ್ನುವ ಮಕ್ಕಳು ಈ ಕಥೆ ಕೇಳಿ ಕಾರಿನಿಂದ ಇಳಿಯುತ್ತಾರೆ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಮುಚ್ಚುತ್ತಾರೆ, ಹಾಗಾಗಿ ಬೇಕಲದಿಂದ ತಿಂಡಿ ಮುಗಿಸಿ 9ಕ್ಕೆ ಹೊರಡಿ.